ಕಂಕುಳಲ್ಲಿದ್ದ ಕೈಗಳು

ಹೊನ್ನಾಳಿ, ಹಾಸ್ಟೆಲ್ ರೂಮ್ ನಂ. 14
20 ಜನವರಿ 2025

ಪ್ರೀತಿಯ ಗಂಗಕ್ಕಾ,

ಹೇಗಿದ್ದೀಯ? ಉಡುಪಿಯ ಸೆಕೆ ಮೈಗೆ ಒಗ್ಗಿತಾ? ಆಸ್ಪತ್ರೆ ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತವೆ ಎಂದಿದ್ದೆ, ಈಗ ಕಡಿಮೆಯಾ? ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದಿದ್ದರೂ ಹಸಿದುಕೊಂಡು ಇರಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಪರವಾಗಿಲ್ಲ ಎಂದು ಬರೆಯುತ್ತೇನೆ. ಫೋನಿದ್ದೂ ಯಾಕೆ ಕಾಗದ ಎಂದು ನಗಬೇಡ. ಫೋನಿನಲ್ಲಿ ನಮ್ಮೂರು ಬಿಳಿಚೋಡು ಎಂದರೆ ಸಾಕು, ಡ್ಯೂಟಿ ಐತೆ ಕಣೋ ಎಂದು ಇಟ್ಟುಬಿಡುತ್ತೀಯ. ಊರಿಗೆ ಬಂದರೆ ಅವ್ವ ಮತ್ತೆ ಕಳಿಸುವುದಿಲ್ಲ ಎಂಬ ಭಯ ನಿನಗಿದೆ. ಅದು ಸುಳ್ಳೂ ಅಲ್ಲ. ಕಾಗದವನ್ನಾದರೆ ಅರ್ಧಕ್ಕೆ ಕಟ್ ಮಾಡುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಮೊದಲ ಸೆಮಿಸ್ಟರ್ ಮುಗಿಯುತ್ತಾ ಬಂತು. ಆರನೇ ಕ್ಲಾಸಿನಿಂದ ಚನ್ನಗಿರಿ ಹಾಸ್ಟೆಲಿನಲ್ಲಿ ಬೆಳೆದವನಿಗೆ ಹಾಸ್ಟೆಲ್ ಹೊಸದಲ್ಲ. ಆದರೆ ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರ್ಧ ತಲೆಗೆ ಹೋಗುತ್ತದೆ, ಅರ್ಧ ಕಿಟಕಿಯಾಚೆ ಹೋಗುತ್ತದೆ. ಇಂಟರ್ನಲ್ಸಿನಲ್ಲಿ ಕೆಮಿಸ್ಟ್ರಿ ಕೈಕೊಟ್ಟಿದೆ. ಅಪ್ಪನಿಗೆ ಹೇಳಿಲ್ಲ, ಅವನು ಕುರಿ ಹೊಡೆದುಕೊಂಡು ಕತ್ತಲಗೆರೆ ಗದ್ದೆಗಳ ಕಡೆ ಹೋಗಿ ತಿಂಗಳಾಯಿತು. ಓದುವ ಹೊತ್ತಿನಲ್ಲೆಲ್ಲ ನಾನು ಮಾಡಿದ್ದು ಜನರನ್ನು ಗಾಳಿಯಲ್ಲಿ ತೇಲಿಸುವ ಕೆಲಸ. ಕಲಿಸಿದವನು ನನ್ನ ರೂಮಿನ ತೌಸಿಫ್, ನ್ಯಾಮತಿಯವನು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೊದಲು ಖಾಲಿ ಜಾಗದ್ದೊಂದು ಫೋಟೊ. ಆಮೇಲೆ ಅದೇ ಜಾಗದಲ್ಲಿ ಸ್ಟೂಲ್ ಇಟ್ಟು, ಅದರ ಮೇಲೆ ಒಬ್ಬನನ್ನು ಬೋರಲು ಮಲಗಿಸಿ ಇನ್ನೊಂದು. ಅಷ್ಟರಲ್ಲಿ ಫೋನ್ ಕೂದಲೆಳೆಯಷ್ಟೂ ಅಲುಗಬಾರದು. ಎರಡನ್ನೂ ಒಂದರ ಮೇಲೊಂದು ಕೂರಿಸಿ, ಸ್ಟೂಲನ್ನು ಬೆರಳಿನಿಂದ ಉಜ್ಜಿ ಅಳಿಸಿದರೆ ಮನುಷ್ಯ ತೇಲುತ್ತಾನೆ. ಒಬ್ಬನಿಗೆ ಮಾಡಿಕೊಟ್ಟಿದ್ದೇ ತಡ, ಇಡೀ ಹಾಸ್ಟೆಲ್ ಸಾಲು ನಿಂತಿತು. ಅಡುಗೆಯ ದೊಡ್ಡಣ್ಣನಿಗೂ ಸೌಟು ಹಿಡಿದು ತೇಲಬೇಕಂತೆ. ಇಲ್ಲ ಎನ್ನಲು ನನಗೆ ಬರುವುದಿಲ್ಲ. ಸ್ಟೂಲ್ ಅಳಿಸಿ ಅಳಿಸಿ ಬೆರಳ ತುದಿ ಜೋಮು ಹಿಡಿಯುತ್ತಿತ್ತು.

ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ಅದೇ ಸ್ಟ್ಯಾಂಡ್ ತಂದಿದ್ದೆ, ನೆನಪಿರಬೇಕು. ತಾನು ಹೋದಮೇಲೆ ಗೋಡೆಗೆ ಹಾಕಲು ಒಂದು ಫೋಟೊ ಬೇಕೆಂದು ಅಜ್ಜಿ ಹಟ ಹಿಡಿದಿದ್ದಳು. "ಮಲಗಿದ್ದು ಬ್ಯಾಡ ಮಗಾ. ನಿಂತಿರಬೇಕು ನಾನು." ಆರು ವರ್ಷದಿಂದ ನಿಲ್ಲಲಾಗದವಳು. ನೀನು ಹಿಂದೆ ನಿಂತು, ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ನಿನ್ನನ್ನು ಆಮೇಲೆ ತೆಗೆದುಬಿಡುತ್ತೇನೆ ಎಂದಾಗ ನಕ್ಕು, "ಅಳಿಸು ಅಳಿಸು, ಮುಖಕ್ಕೆ ಪೌಡರ್ ಸೈತ ಹಚ್ಚಿಲ್ಲ. ಬೇಗ ತೆಗಿಯೋ, ತೋಳು ಬಿದ್ದು ಹೋಗ್ತಾವೆ" ಎಂದೆ. ನಾನು ಬೆಳಕು ಸರಿಯಿಲ್ಲ ಎಂದು ಏಳು ಸಲ ತೆಗೆದೆ. ಅದಾಗಿ ಮೂರು ವಾರಕ್ಕೆ ನೀನು ಉಡುಪಿಗೆ ಹೊರಟೆ.

ಅಳಿಸಿ ನೋಡಿದರೆ ಅಜ್ಜಿಯ ಪಾದಕ್ಕೂ ನೆಲಕ್ಕೂ ನಾಲ್ಕು ಬೆರಳು ಸಂದು. ನೀನು ಅಷ್ಟು ಎತ್ತರ ಎತ್ತಿದ್ದೆ. ಪಾದವನ್ನು ಕೆಳಗಿಳಿಸಬಹುದಿತ್ತು. ಹಾಗೇ ಚೆಂದ ಕಂಡಿತು, ಬಿಟ್ಟೆ. ನೀಲಿ ಗೋಡೆಯ ಮುಂದೆ ಅಜ್ಜಿ ಒಬ್ಬಳೇ, ಗಾಳಿಯಲ್ಲಿ. ಕಾಲೇಜಿನ ಸ್ಪರ್ಧೆಗೆ ಕಳಿಸಿದೆ, ಫಸ್ಟ್ ಬಂತು. ಲೈಬ್ರರಿಯ ಮುಂದೆ ದೊಡ್ಡದಾಗಿ ಪ್ರಿಂಟ್ ಹಾಕಿದ್ದಾರೆ. ಎಷ್ಟು ಹಗುರವಾಗಿದ್ದಾರೆ ನಿಮ್ಮಜ್ಜಿ ಎಂದು ಮೇಡಂ ಒಬ್ಬರು ಹೇಳಿದರು. ಹೇಗೆ ಮಾಡಿದೆ ಎಂದು ಕೇಳಿದವರಿಗೆಲ್ಲ ಟೆಕ್ನಿಕ್ ಎಂದೆ. ನಿನ್ನ ಹೆಸರು ಒಬ್ಬರಿಗೂ ಹೇಳಲಿಲ್ಲ ಅಕ್ಕಾ.

ಸಂಕ್ರಾಂತಿಗೆ ಒಂದು ಪ್ರಿಂಟ್ ಊರಿಗೆ ತಗೊಂಡು ಹೋದೆ. ಪಕ್ಕದ ಮನೆಯ ಬಂಗಾರಮ್ಮ ನೋಡಿದ್ದೇ, ಕಾಲು ನೆಲಕ್ಕೆ ತಾಗಿಲ್ಲ, ಬದುಕಿದ್ದವರನ್ನು ಹಿಂಗೆ ತೆಗಿತಾರಾ ಎಂದು ಬಾಯಿಗೆ ಸೆರಗು ಹಿಡಿದಳು. ದೆವ್ವದ ಕಾಲು ತಾನೇ ನೆಲ ಮುಟ್ಟದಿರುವುದು. ಅವ್ವ ಫೋಟೊ ಕಿತ್ತುಕೊಂಡು ಮಗುಚಿ ಹಾಕಿದಳು. ಅಜ್ಜಿ ಮಾತ್ರ ಅದನ್ನು ಕೇಳಿ ಈಸಿಕೊಂಡು, ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು. ಸೀರೆ ಚೆನ್ನಾಗಿ ಬಿದ್ದೈತೆ ಎಂದಳು. ಆಮೇಲೆ ಕಂಕುಳ ಜಾಗವನ್ನು ಉಗುರಿನಿಂದ ಕೆರೆದಳು.

"ಇಲ್ಲಿ ಕೈ ಇದ್ವಲ್ಲೋ. ಎಲ್ಲಿ ಹೋದ್ವು?"

ನೀನೇ ಹೇಳಿದೆಯಲ್ಲ ಅಜ್ಜಿ, ನಿಂತಂತೆ ಕಾಣಬೇಕು ಅಂತ, ಅದಕ್ಕೇ ಅಳಿಸಿದೆ ಎಂದೆ.

"ನಿಂತಂಗೆ ಕಾಣಬೇಕು ಅಂದೆ. ನಂಗೆ ಯಾರೂ ಇಲ್ದಂಗೆ ಕಾಣಬೇಕು ಅಂದ್ನಾ?"

ಇದು ಬ್ಯಾಡ, ಗಂಗಾ ಇರೋದು ತೋರಿಸು ಎಂದಳು. ತೋರಿಸೋಣವೆಂದರೆ ಅದು ಇರಲಿಲ್ಲ. ಹಾಸ್ಟೆಲಿನವರ ಫೋಟೊಗಳಿಂದ ಫೋನ್ ತುಂಬಿದೆ ಎಂದು ನವೆಂಬರಿನಲ್ಲೇ ಹಳೆಯದೆಲ್ಲ ಡಿಲೀಟ್ ಮಾಡಿದ್ದೆ. ಏಳಕ್ಕೆ ಏಳೂ ಹೋಗಿವೆ. ಉಳಿದಿರುವುದು ಅಜ್ಜಿಯ ಎಡಗೈ ಕೆಳಗೆ, ರವಿಕೆಯ ಅಂಚಿನಂತೆ ಕಾಣುವ, ನಿನ್ನ ಹಸಿರು ಬಳೆಯ ಒಂದು ಚೂರು. ಅಳಿಸಲು ಮರೆತದ್ದು. ಅಜ್ಜಿಗೆ ಅದನ್ನು ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳು.

ಅವ್ವನಿಗೆ ಸೊಂಟ ಹಿಡಿದಿದೆ. ನಾನು ಊರಲ್ಲಿದ್ದ ಐದು ದಿನ ಬಚ್ಚಲಿಗೆ, ಬಿಸಿಲಿಗೆ ಅಜ್ಜಿಯನ್ನು ಎತ್ತಿದವನು ನಾನೇ. ಮೊದಲ ದಿನ ಇಬ್ಬರೂ ಜಾರಿ ಗೋಡೆಗೆ ಒರಗಿದೆವು. "ನಿಮ್ಮಕ್ಕ ಮೊದಲು ಉಸಿರು ಬಿಡು ಅಂತಿದ್ಲು, ಬಿಟ್ಟಾಗ ಎತ್ತತಿದ್ಲು" ಎಂದು ಅಜ್ಜಿಯೇ ಹೇಳಿಕೊಟ್ಟಳು. ಅವಳೇನೂ ಹಗುರವಿಲ್ಲ ಅಕ್ಕಾ. ನಾಲ್ಕನೇ ದಿನ ನನ್ನ ತೋಳು ತುತ್ತು ಎತ್ತಲೂ ನಡುಗುತ್ತಿದ್ದವು. ನೀನು ಪಿಯುಸಿ ಮುಗಿಸಿ ಆರು ವರ್ಷ ಇದನ್ನು ಮಾಡಿದೆ. ನಾನು ರಜೆಗೆ ಬಂದವನು ಹೊಸಿಲಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ.

ಇಷ್ಟೇ ಸುದ್ದಿ. ಎಕ್ಸಾಮ್ ಫೆಬ್ರುವರಿ ಹತ್ತರಿಂದ. ನಿನ್ನ ರೂಮಿನ ಪವಿತ್ರ ಅವರಿಗೆ ನನ್ನ ನಮಸ್ಕಾರ. ಕಾಲಿಗೆ ಉಪ್ಪುನೀರಿನ ಶಾಖ ಕೊಟ್ಟುಕೋ. ದೊಡ್ಡವಳು ನೀನು, ನನಗೆ ಬಯ್ಯುವುದಿದ್ದರೆ ಬೈದೇ ಆಶೀರ್ವಾದ ಮಾಡು.

ನಿನ್ನ ತಮ್ಮ,
ಭೀಮೇಶ್

ತಾ.ಕ.: ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು, ಹೇಳಬೇಕಾದದ್ದೇ ಉಳಿಯಿತು. ಸಂಕ್ರಾಂತಿಯಿಂದ ಅಜ್ಜಿಗೆ ಗಂಜಿ ಬಿಟ್ಟು ಏನೂ ಸೇರುತ್ತಿಲ್ಲ. ಫೆಬ್ರುವರಿ ಒಂದು, ಶನಿವಾರ, ಬಾ. ಸೋಮವಾರ ಬೆಳಗ್ಗೆ ದಾವಣಗೆರೆಯಿಂದ ಉಡುಪಿಗೆ ನಿನ್ನ ವಾಪಸ್ ಸೀಟು ಬುಕ್ ಮಾಡಿದ್ದೇನೆ, ಅವ್ವನಿಗೆ ಟಿಕೆಟ್ ತೋರಿಸಿಯೂ ಆಯಿತು. ಅವಳು ಮುಖ ತಿರುಗಿಸಿದಳು, ಆದರೆ ಬೇಡ ಎನ್ನಲಿಲ್ಲ. ಬಸ್ ಹತ್ತಿಸುವವನು ನಾನು. ಫೋಟೊ ತೌಸಿಫ್ ತೆಗೆಯುತ್ತಾನೆ, ಅಜ್ಜಿಯನ್ನು ನಾನು ಎತ್ತುತ್ತೇನೆ, ನೀನು ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು. ಈ ಸಲ ಯಾರನ್ನೂ ಅಳಿಸುವುದಿಲ್ಲ. ಪೌಡರ್ ಹಚ್ಚಿಕೊಂಡು ಬಾ.