ಹಿಮ್ಮಡಿ ಊರದ ಕಾಲು

ನಿಟ್ಟೂರು
೯-೩-೧೯೭೯, ಶುಕ್ರವಾರ

ಪ್ರೀತಿಯ ಬೆಟ್ಟಾ,

ಅಜ್ಜಿಯ ಆಶೀರ್ವಾದ. ಮೈ ಹೇಗಿದೆಯಪ್ಪ? ಮೊಣಕಾಲಿನ ಊತ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬೀಡಿ ಹೊಗೆಯಲ್ಲೇ ಹೊಟ್ಟೆ ತುಂಬಿಸುತ್ತೀಯೋ? ಹಿರೇಹಳ್ಳಿಯಲ್ಲಿ ಯಾವುದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊರುತ್ತೀಯಂತೆ, ಸಂಜೆ ಶೆಟ್ಟಿಹಳ್ಳಿಯ ರೂಮಿಗೆ ಬಂದು ಬಾಗಿಲು ಹಾಕಿಕೊಳ್ಳುತ್ತೀಯಂತೆ. ತುಮಕೂರಿನ ಕಾಯಿ ಮಂಡಿಗೆ ಹೋಗಿದ್ದ ನಮ್ಮೂರ ಮಹಾದೇವಯ್ಯ ನಿನ್ನನ್ನು ಕಂಡು ಬಂದು ಹೇಳಿದ. "ಗಡ್ಡ ಬಿಟ್ಟವ್ನೆ ಕಣಜ್ಜಿ, ಗುರ್ತೇ ಸಿಗಾಕಿಲ್ಲ" ಅಂದ. ಗಡ್ಡ ಬಿಟ್ಟರೆ ಆಯಿತೇನೋ? ಕುಸ್ತಿಯಲ್ಲಿ ಮುದುಡಿ ಬೋಂಡದ ಹಾಗಾಗಿರುವ ಆ ಕಿವಿಗಳನ್ನು ಎಲ್ಲಿ ಬಚ್ಚಿಡುತ್ತೀಯ?

ನನಗೇನೂ ಆಗಿಲ್ಲ. ನಾಲಿಗೆ ಎಂದಿನಂತೆ ಇದೆ ಎಂದು ನಿನ್ನ ಅಮ್ಮ ಬೀದಿಗೆಲ್ಲ ಹೇಳುತ್ತಿದ್ದಾಳೆ, ಆದ್ದರಿಂದ ಆರೋಗ್ಯವಾಗಿದ್ದೇನೆ ಎಂದು ತಿಳಿ. ಎಮ್ಮೆ ಕರು ಹಾಕಿತು. ಗಿಣ್ಣು ಕಾಯಿಸಿದ ದಿನ ನಿನ್ನ ಅಮ್ಮ ಒಂದು ಬಟ್ಟಲು ನಿನಗೆಂದು ತೆಗೆದಿಟ್ಟು, ಅದು ಹುಳಿ ಬರುವ ತನಕ ಯಾರಿಗೂ ಮುಟ್ಟಗೊಡಲಿಲ್ಲ.

ಕುಣಿಗಲ್ಲಿನ ವಿಷಯ ಎತ್ತಬೇಡಿ ಎಂದು ಅವಳು ಕಣ್ಣಲ್ಲೇ ಹೇಳುತ್ತಾಳೆ. ಅದನ್ನು ಎತ್ತದಿದ್ದರೆ ಈ ಕಾಗದ ಯಾಕೆ? ಮೂರನೇ ಕ್ಲಾಸಿನ ಅಕ್ಷರದಲ್ಲಿ ಇಷ್ಟು ಬರೆಯುವಷ್ಟರಲ್ಲಿ ನನ್ನ ಬೆರಳು ಸೆಟೆದುಹೋಗಿದೆ, ಅದಕ್ಕಾದರೂ ಬೆಲೆ ಕೊಟ್ಟು ಕೊನೆಯ ತನಕ ಓದು.

ನೀನು ಟಿಕೆಟ್ ಕುಸ್ತಿಗೆ ಇಳಿದಾಗಿನಿಂದ ಗುಬ್ಬಿಯಲ್ಲಾಗಲಿ, ತುಮಕೂರಿನಲ್ಲಾಗಲಿ, ನಾನು ಚಾಪೆ ಹಿಡಿದು ಮುಂದೆ ಹೋಗಿ ಕೂರದ ಆಟವಿಲ್ಲ. ಆ ಮೈಕಿನವನು "ಈ ಕಡೆ ತುಮಕೂರು ಸಿಂಹ ರಾಮಾಂಜಿನಯ್ಯ, ಆ ಕಡೆ ಕಾಳಸರ್ಪ" ಎಂದು ಗಂಟಲು ಹರಿದುಕೊಂಡರೆ ನನಗೆ ನಗು. ಹಲ್ಲಿ ಕಂಡರೆ ಮಂಚ ಹತ್ತುವ ನೀನು ಕಾಳಸರ್ಪ! ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದ ನಿನ್ನ ತಾತನಿಗೆ ಇದು ಹಿಡಿಸುತ್ತಿರಲಿಲ್ಲ. "ಇದು ಕುಸ್ತಿಯಲ್ಲ ಕಣೇ, ನಾಟ್ಕ" ಅನ್ನುತ್ತಿದ್ದರು. ಗುಬ್ಬಿ ಸೀಮೆಯಲ್ಲಿ ಹುಟ್ಟಿ ನಾಟಕವನ್ನು ಹಳಿಯುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ನಾನು ಕೇಳುತ್ತಿದ್ದೆ. ಯಾರು ಗೆಲ್ಲಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿರುತ್ತೀರಿ, ಅದು ನನಗೆ ಗೊತ್ತಿಲ್ಲವೇ? ಆದರೆ ಹಲಗೆಗೆ ಬಡಿಯುವ ಬೆನ್ನು ನಿಜವಾದ ಬೆನ್ನೇ ಅಲ್ಲವೇ? ಆ ಬೆನ್ನಿಗೆ ಪೆಟ್ಟಾಗದಂತೆ ಎತ್ತಿ ಹಾಕುವುದಕ್ಕೆ ಎಷ್ಟು ಪ್ರೀತಿ ಬೇಕು ಎಂದು ನಾನು ನಿಮ್ಮಿಬ್ಬರನ್ನು ನೋಡಿ ಕಲಿತೆ. ಊರ ಕಣ್ಣಿಗೆ ನೀವು ಹಾವು ಮುಂಗುಸಿ. ಒಂದೇ ಬಸ್ಸಿನಲ್ಲಿ ಕಂಡರೆ ಟಿಕೆಟ್ ಹೋಗುವುದಿಲ್ಲ ಎಂದು ಒಬ್ಬ ಬಸ್ಸು, ಒಬ್ಬ ರೈಲು. ನನ್ನ ಅಡುಗೆಮನೆಯಲ್ಲಿ ಮಾತ್ರ ಒಂದೇ ತಟ್ಟೆಗೆ ಇಬ್ಬರ ಕೈ. ಬೀಳುವುದನ್ನು ರಾಮಾಂಜಿನಯ್ಯ ನಿನಗೆ ಕಲಿಸಿದ್ದು ನಮ್ಮ ಹುಲ್ಲಿನ ಮೆದೆಯ ಮೇಲೆ. ಆ ವರ್ಷ ಹುಲ್ಲೆಲ್ಲ ಹಾಳು, ಎಮ್ಮೆ ಮೂಸಿಯೂ ನೋಡಲಿಲ್ಲ.

ಆಟದ ಕ್ರಮ ನನಗೆ ಬಾಯಿಪಾಠ. ನೀನು ಅವನನ್ನು ಎತ್ತಿ ಹಾಕಬೇಕು, ಎದೆಯ ಮೇಲೆ ಕಾಲಿಟ್ಟು ಅಬ್ಬರಿಸಬೇಕು, ಜನ ನಿನ್ನ ವಂಶವನ್ನೆಲ್ಲ ಬೈಯಬೇಕು, ಆಮೇಲೆ ಅವನು ಎದ್ದು ನಿನ್ನನ್ನು ಕೆಡವಬೇಕು. ಕುಣಿಗಲ್ಲಿನಲ್ಲಿ ಅವನು ಏಳಲಿಲ್ಲ. ಅಷ್ಟೇ ಕಣೋ ನಡೆದದ್ದು.

"ಸತ್ತೋನ ಎದೆ ಮ್ಯಾಲೆ ಕಾಲಿಟ್ಕಂಡು ಕುಣಿದ" ಎಂದು ಜನ ಆಡಿಕೊಂಡರು, ನೀನೂ ಅದನ್ನೇ ನಂಬಿ ಕೂತಿದ್ದೀಯ. ಜನ ಎಲ್ಲಿ ಕೂತಿದ್ದರು, ನಾನು ಎಲ್ಲಿ ಕೂತಿದ್ದೆ? ನಿನ್ನ ಹಿಮ್ಮಡಿ ಅವನ ಎದೆಗೆ ತಾಕಿರಲಿಲ್ಲ. ಬೆರಳ ತುದಿ ಮಾತ್ರ. ನೀನು ಯಾವತ್ತೂ ಹಾಗೆಯೇ. "ಒಸಿ ಒತ್ತೋ, ಸಗಣಿ ತುಳಿಯೋನಂಗೆ ಕಾಲಿಡ್ತೀಯ" ಎಂದು ನಾನೇ ಎಷ್ಟು ಸಲ ಹಂಗಿಸಿಲ್ಲ! ಅಂದು ನಿನ್ನ ತುಟಿ ಆಡುತ್ತಿತ್ತು. ಬೈಯುತ್ತಿದ್ದಾನೆ ಎಂದು ಜನ ಚಪ್ಪಲಿ ಎಸೆದರು. ನೀನು "ಏಳಣ್ಣಾ, ಏಳಣ್ಣಾ" ಅನ್ನುತ್ತಿದ್ದೆ. ಅ ಆ ಕಲಿಯುವಾಗಿನಿಂದ ಆ ತುಟಿ ನೋಡಿದವಳು ನಾನು. ಆಮೇಲೆ ನೀನು ಕುಸಿದು ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅದೂ ಕುಸ್ತಿಯ ಹೊಸ ಪಟ್ಟು ಎಂದು ಸಿಳ್ಳೆ ಹಾಕಿದರಲ್ಲ ಬೆಟ್ಟಾ, ಆ ಸಿಳ್ಳೆ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಿನ್ನ ಕಿವಿಯಿಂದ ಹೇಗೆ ಹೋಗಬೇಕು?

ನೀನು ತಿಥಿಗೂ ಬರಲಿಲ್ಲ. ಅವನ ಹೆಂಡತಿ ಪುಟ್ಟಗಂಗಮ್ಮ ಅಂದು ಪಂಕ್ತಿಯನ್ನೆಲ್ಲ ನೋಡಿ ನೋಡಿ ಒಳಗೆ ಹೋದಳು. ಮೊನ್ನೆ ಗುಬ್ಬಿಯಿಂದ ನಮ್ಮ ಮನೆಗೇ ಬಂದಳು. ಈಗ ನಿನ್ನ ಅಮ್ಮನ ಜೊತೆ ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ. ಅವಳು ಹೇಳಿದ್ದನ್ನು ಬರೆಯುತ್ತೇನೆ, ಗಟ್ಟಿಯಾಗಿ ಕೂತು ಓದು. ಕುಣಿಗಲ್ಲಿಗೆ ಹೊರಟ ದಿನ ಬೆಳಿಗ್ಗೆಯೇ ಅವನಿಗೆ ಎದೆ ಹಿಡಿದುಕೊಂಡಿತ್ತಂತೆ. ಇವಳು ಹರಳೆಣ್ಣೆ ಬಿಸಿ ಮಾಡಿ ನೀವಿದಳಂತೆ. "ಬೆಟ್ಟಂಗೆ ಹೇಳ್ಬ್ಯಾಡ, ಆಟ ನಿಲ್ಸ್‌ಬುಡ್ತಾನೆ" ಅಂದನಂತೆ. ಇವಳು ಹೇಳಲಿಲ್ಲ. ಆಮೇಲೆ ಡಾಕ್ಟರು ಹೃದಯ ನಿಂತು ಹೋದದ್ದು ಎಂದರು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು, "ನಾನೇ ಕೊಂದೆ ಕಣಜ್ಜಿ."

ಶೆಟ್ಟಿಹಳ್ಳಿಯಲ್ಲಿ ನೀನು ನಾನೇ ಕೊಂದೆ ಅನ್ನುತ್ತೀಯ, ಗುಬ್ಬಿಯಲ್ಲಿ ಅವಳು ನಾನೇ ಕೊಂದೆ ಅನ್ನುತ್ತಾಳೆ. ಪಾಪ, ಆ ಮನುಷ್ಯನ ಸಾವನ್ನು ಅವನಿಗೇ ಬಿಡುವುದಿಲ್ಲವೇನೋ ನೀವಿಬ್ಬರೂ? ನಿನ್ನ ತುಟಿಯ ವಿಷಯ ಹೇಳಿದಾಗ ಅವಳು ಬಾಯಿಬಿಟ್ಟು ಅತ್ತಳು. ನಿನ್ನ ತಪ್ಪಿಲ್ಲ ಮಗಳೇ ಎಂದು ನಾನು ಹೇಳಿದರೆ ಮಾತ್ರ ಮುದುಕಿಯ ಸಮಾಧಾನ ಎಂದು ತಳ್ಳಿಹಾಕುತ್ತಾಳೆ. ಆ ಮಾತು ಅವಳಿಗೆ ನಿನ್ನ ಬಾಯಿಂದಲೇ ಬರಬೇಕು. ಅವಳಿಂದ ನಿನಗೂ.

ಮನೆಗೆ ಬಾ. ಕುಸ್ತಿ ಆಡು, ಬಿಡು, ಅದು ನಿನ್ನಿಷ್ಟ. ದೇವರು ನಿನ್ನ ಕಣ್ಣಿಗೆ ನಿದ್ದೆ ಕೊಡಲಿ, ನಿನ್ನ ನೆತ್ತಿ ತಣ್ಣಗಿರಲಿ.

ನಿನ್ನ ಅಜ್ಜಿ,
ರಂಗಲಕ್ಷ್ಮಮ್ಮ

ಮ.ವಿ.: ಕಾಗದ ಮಡಿಸಿ ಡಬ್ಬಕ್ಕೆ ಹಾಕಲು ಹೊರಟಿದ್ದೆ. ಪುಟ್ಟಗಂಗಮ್ಮ ಕೈಯಿಂದ ಕಿತ್ತುಕೊಂಡಳು. "ಟಪಾಲ್ ಯಾಕಜ್ಜಿ, ನಾನೇ ಹೋಯ್ತೀನಿ" ಅಂದಳು. ಅವಳನ್ನು ಮಹಾದೇವಯ್ಯನ ಜೊತೆ ನಾಳೆ ಬೆಳಗಿನ ರೈಲಿಗೆ ಕಳಿಸುತ್ತಿದ್ದೇನೆ. ನಿನ್ನನ್ನು ನಾನು ಬಲ್ಲೆ, ಅವಳ ಮುಖ ನೋಡಲಾರದೆ ಕಾಗದ ಇಸಿದುಕೊಂಡು ಗೋಡೆ ಕಡೆ ತಿರುಗಿ ಓದುತ್ತಿರುತ್ತೀಯ. ಓದಿದ್ದು ಸಾಕು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರುವುದಿಲ್ಲ. ತಿರುಗು.