ಹಣೆಯ ಮೇಲೆ ಹನ್ನೊಂದು ಇಪ್ಪತ್ತು

ಮಾರ್ಚ್ ಹದಿನೇಳು, ಸೋಮವಾರ. ಆಸ್ಪತ್ರೆಯೊಂದರ ಗೇಟಿನ ಕಾವಲು ಕೆಲಸದಿಂದ ನನ್ನನ್ನು ಅಮಾನತಿನಲ್ಲಿಟ್ಟು ಇಂದಿಗೆ ಹನ್ನೆರಡು ದಿನ. ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ.

ನಿವೃತ್ತ ಸೈನಿಕರಿಗೆ ಕೆಲಸ ಹುಡುಕಿಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಗೋಡೆಯ ಮೇಲೆ ‘ಸಮಾನ ವೃತ್ತಿಗಳ ಪಟ್ಟಿ’ ತೂಗುಹಾಕಿದ್ದೀರಿ. ಸೈನ್ಯದಲ್ಲಿ ಏನಾಗಿದ್ದವನು ಹೊರಗೆ ಬಂದು ಏನಾಗಬಹುದು ಎಂಬುದನ್ನು ಅದು ಹೇಳುತ್ತದೆ. ಅರವತ್ತೆರಡು ಸಾಲುಗಳಿವೆ. ನಾನು ಮೂರು ಸಲ ಎಣಿಸಿದ್ದೇನೆ. ಎಣಿಸಲು ಬೇಕಾದಷ್ಟು ಹೊತ್ತು ನಿಮ್ಮವರು ಕೂರಿಸಿದ್ದರು. ಲಾರಿ ಓಡಿಸಿದವನು ಲಾರಿ ಓಡಿಸಬಹುದು, ಅಡುಗೆ ಮಾಡಿದವನು ಅಡುಗೆ ಮಾಡಬಹುದು. ನಾಯಿ ಪಳಗಿಸಿದವನಿಗೂ ಕಹಳೆ ಊದಿದವನಿಗೂ ಒಂದೊಂದು ಸಾಲಿದೆ. ಗಾಯಾಳುಗಳನ್ನು ನೋಡಿಕೊಂಡವನಿಗೆ ಇಲ್ಲ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಅದರ ವಿವರಣೆ.

ಹತ್ತೊಂಬತ್ತು ವರ್ಷ ನಾನು ಆ ಕೆಲಸ ಮಾಡಿದೆ. ಗುಂಡು ತಗುಲಿದ ಜಾಗಕ್ಕೂ ಡಾಕ್ಟರ ಡೇರೆಗೂ ನಡುವಿನ ದಾರಿ ನನ್ನದಾಗಿತ್ತು. ಆ ದಾರಿಯಲ್ಲಿ ರಕ್ತ ನಿಲ್ಲಿಸಿದ್ದೇನೆ, ಮುರಿದ ಮೂಳೆಗೆ ಆಸರೆ ಕಟ್ಟಿದ್ದೇನೆ, ಕತ್ತಲಲ್ಲಿ ಬೆರಳ ತುದಿಯಿಂದ ರಕ್ತನಾಳ ಹುಡುಕಿ ಸೂಜಿ ಚುಚ್ಚಿದ್ದೇನೆ. ಜೊತೆಯವರು ನನ್ನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ಅದು ಅವರ ಪ್ರೀತಿ. ನಾನು ಡಾಕ್ಟರಲ್ಲ ಎಂಬುದು ನನಗೂ ಗೊತ್ತಿತ್ತು. ನಾಲ್ಕನೇ ಕಿಟಕಿಯ ನಿಮ್ಮ ಗುಮಾಸ್ತರಿಗೆ ಇದನ್ನೆಲ್ಲ ಹೇಳಿದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ ಕೆಳತುದಿಗೆ ಬಂದರು.

“ನಿಮ್ದು ಇದ್ರಲ್ಲಿ ಇಲ್ವಲ್ಲ ಸಾರ್.”

“ಮತ್ತೆ ಏನ್ಮಾಡೋದು?”

“ಇತರೆ ಅಂತ ಹಾಕ್ತೀನಿ. ಇತರೆಗೆ ಸೆಕ್ಯುರಿಟಿ ಬರುತ್ತೆ. ಹೇಗೂ ಎತ್ತರ ಇದೀರ, ಸರಿಹೋಯ್ತು ಬಿಡಿ.”

ಹೀಗೆ ಹತ್ತೊಂಬತ್ತು ವರ್ಷ ಹೋಗಿ ಎತ್ತರವೊಂದು ಉಳಿಯಿತು. ನನ್ನನ್ನು ನಿಲ್ಲಿಸಿದ್ದು ಆಸ್ಪತ್ರೆಯ ಗೇಟಿನಲ್ಲಿ. ನಿಮ್ಮ ಕಚೇರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿದವರು? ಮೊದಲ ವಾರವೇ ಒಳಗೆ ಹೋಗಿ ನರ್ಸುಗಳ ಮೇಲ್ವಿಚಾರಕಿಯನ್ನು ಕಂಡೆ. ಒಳ್ಳೆಯ ಹೆಂಗಸು, ಕೂರಲು ಹೇಳಿದರು. ಮೂರು ವರ್ಷದ ಕೋರ್ಸು ಬೇಕು, ಸೇರಲು ಇಪ್ಪತ್ತೈದರೊಳಗಿರಬೇಕು ಎಂದರು. ನನಗೆ ನಲವತ್ತೊಂದು. ಗೇಟಿಗೆ ವಾಪಸು ಬಂದು ಕಾರುಗಳ ನಂಬರು ಬರೆದುಕೊಂಡೆ.

ಈ ತಿಂಗಳ ಐದನೆಯ ತಾರೀಕು, ಬುಧವಾರ, ಹೊಸ ಕಟ್ಟಡದ ಕಿಟಕಿಗಳಿಗೆಂದು ಗಾಜು ಬಂತು. ಇಬ್ಬರು ಇಳಿಸುತ್ತಿದ್ದಾಗ ಒಂದು ಗಾಜಿನ ಹಲಗೆ ಒಡೆದು ಒಬ್ಬನ ತೊಡೆಯನ್ನು ಸೀಳಿತು. ಗೇಟಿನಿಂದ ತುರ್ತು ವಿಭಾಗಕ್ಕೆ ನೂರಾ ನಲವತ್ತು ಹೆಜ್ಜೆ. ಹರಿಯುತ್ತಿದ್ದ ರಕ್ತದ ಬಣ್ಣ, ಅದು ಚಿಮ್ಮುತ್ತಿದ್ದ ರೀತಿ ನೋಡಿದೆ. ಅಷ್ಟು ದೂರ ಹೋಗುವವರೆಗೆ ಆ ಮನುಷ್ಯ ಉಳಿಯುವಂತಿರಲಿಲ್ಲ. ನನ್ನನ್ನು ಗೇಟಿಗೆ ಹಾಕಿದ ಸೆಕ್ಯುರಿಟಿ ಏಜೆನ್ಸಿಯವರು ಕೊಟ್ಟಿದ್ದ ಟೈ ಬಿಚ್ಚಿ ಗಾಯದ ಮೇಲ್ಭಾಗಕ್ಕೆ ಕಟ್ಟಿ, ಗಂಟಿನಲ್ಲಿ ಟಾರ್ಚು ತೂರಿಸಿ ತಿರುಚಿದೆ. ರಕ್ತ ನಿಂತಿತು. ಆಮೇಲೆ ವಾಹನದ ಪಾಸುಗಳಿಗೆ ಬಳಸುವ ಕಪ್ಪು ಮಾರ್ಕರ್ ತೆಗೆದು ಅವನ ಹಣೆಯ ಮೇಲೆ ಬರೆದೆ: ಟಿ 11.20.

ಇದು ನಮ್ಮ ಪದ್ಧತಿ. ಟಿ ಎಂದರೆ ಟೂರ್ನಿಕೆಟ್, ರಕ್ತ ನಿಲ್ಲಿಸುವ ಬಿಗಿ ಕಟ್ಟು. ಹಾಗೆ ಬಿಗಿದ ಕಟ್ಟನ್ನು ಸುಮಾರು ಎರಡು ಗಂಟೆಯೊಳಗೆ ಡಾಕ್ಟರು ನೋಡಲೇಬೇಕು. ತಡವಾದಷ್ಟೂ ಕಾಲಿಗೆ ಅಪಾಯ. ಆದ್ದರಿಂದ ಕಟ್ಟಿದ ಹೊತ್ತು ಬರೆಯುತ್ತೇವೆ. ಚೀಟಿ ಹಾರಿಹೋಗಬಹುದು. ಕೈ ಇರುತ್ತದೆಂಬ ಭರವಸೆಯಿಲ್ಲ. ಮುಖವನ್ನಾದರೆ ಎಲ್ಲರೂ ನೋಡುತ್ತಾರೆ. ಬರೆದಾದ ಮೇಲೆ ಹಿಂದಿರುಗಿ ನೋಡದೆ ಮುಂದಿನವನ ಹತ್ತಿರ ಹೋಗಬೇಕು ಎಂಬುದೂ ನಮ್ಮ ಪಾಠವೇ. ಸ್ಟ್ರೆಚರ್ ಬಂತು, ಹೊತ್ತುಕೊಂಡು ಹೋದರು. ನಾನು ಮುಂದಿನವನ ಕಡೆ ತಿರುಗಿದೆ. ಮುಂದಿನವನು ಇರಲಿಲ್ಲ. ಒಂದು ಕಾರು ಹಾರ್ನ್ ಮಾಡುತ್ತಿತ್ತು. ಗೇಟು ತೆಗೆದೆ.

ಒಳಗೆ ಆಯಾ ಒಬ್ಬರು, ಯಾರೋ ಗೀಚಿದ್ದಾರೆಂದು ಸ್ಪಿರಿಟ್ ಹಚ್ಚಿ ಅವನ ಹಣೆ ಒರೆಸಿದರು. ಅವರದು ತಪ್ಪೆಂದು ನಾನು ಹೇಳಲಾರೆ; ಹಣೆ ಸ್ವಚ್ಛವಾಗಿರಬೇಕೆಂಬುದು ಅವರ ಪಾಠ. ಕಟ್ಟಿದ್ದು ಯಾವಾಗ ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ಅಲ್ಲಿದ್ದವರು “ಈಗಷ್ಟೇ” ಅಂದರಂತೆ. ಒಂದು ಗಂಟೆಯ ನಂತರ ಪಾಳಿ ಬದಲಾಗಿ ಬಂದ ಡಾಕ್ಟರಿಗೂ ಅದೇ “ಈಗಷ್ಟೇ” ದಾಟಿತು. ಆಪರೇಷನ್ ಕೋಣೆಯಲ್ಲಿ ಬೇರೊಬ್ಬ ರೋಗಿ ಇದ್ದರು. ಅವನನ್ನು ಒಳಗೆ ತೆಗೆದುಕೊಂಡಾಗ ಎರಡೂವರೆ. ಜೀವ ಉಳಿಯಿತು. ಎರಡು ದಿನದ ಮೇಲೆ ಕಾಲು ತೆಗೆದರು. ಗುರುತು ಅಳಿಸದಿದ್ದರೆ ಕಾಲು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದೆಂಬುದನ್ನೂ ಸೈನ್ಯದಲ್ಲೇ ಕಲಿತವನು ನಾನು.

ಗಾಜು ಒಡೆದ ಮರುದಿನವೇ, ಕಾಲು ತೆಗೆಯುವ ಮೊದಲೇ, ವಿಚಾರಣೆ. ಉದ್ದ ಮೇಜಿನ ಆಚೆ ಆಸ್ಪತ್ರೆಯ ಆಡಳಿತಾಧಿಕಾರಿ, ಏಜೆನ್ಸಿಯ ಸೂಪರ್‌ವೈಸರ್, ಗಾಯಾಳುವಿನ ಅಣ್ಣ. ಅಣ್ಣನೇ ಮೊದಲು ಎದ್ದ.

“ನಮ್ಮ ಹುಡುಗನ ಹಣೇಬರಹ ಬರೆಯೋಕೆ ನೀನ್ಯಾರಯ್ಯಾ? ಸಂತೇಲಿ ದನಕ್ಕೆ ನಂಬರ್ ಹಾಕ್ದಂಗೆ ಹಾಕಿದೀಯಲ್ಲ!”

“ಅದು ಹೊತ್ತು ಅಣ್ಣಾ. ಕಟ್ಟಿದ ಹೊತ್ತು.”

“ಅದು ಹೊತ್ತು ಅಂತ ಯಾರಿಗ್ರೀ ಗೊತ್ತಾಗ್ಬೇಕು?” ಎಂದರು ಆಡಳಿತಾಧಿಕಾರಿ. “ಒಳಗೆ ಬಂದು ಒಬ್ರಿಗಾದ್ರೂ ಹೇಳಿದ್ರಾ?”

“ಗೇಟ್ ಬಿಟ್ಟು ಬರೋ ಹಾಗಿಲ್ಲ ಅಂತ ಆರ್ಡರ್ ಇತ್ತು ಸಾರ್.”

“ರೋಗೀನ ಮುಟ್ಟೋ ಹಾಗಿಲ್ಲ ಅಂತಾನೂ ಇತ್ತಲ್ಲ,” ಎಂದರು ಸೂಪರ್‌ವೈಸರ್. “ಅದನ್ನ ಮುರಿದ್ರಿ, ಇದನ್ನ ಪಾಲಿಸಿದ್ರಿ. ಒಳ್ಳೇ ಲೆಕ್ಕಾಚಾರ.”

ಮಾನ್ಯರೇ, ಆ ಕೋಣೆಯಲ್ಲಿ ನನಗೆ ಸರಿಯಾಗಿ ತಗುಲಿದ ಮಾತು ಅದೊಂದೇ. ಹಣೆಯನ್ನು ಓದಬಲ್ಲವರ ನಡುವೆ ಹತ್ತೊಂಬತ್ತು ವರ್ಷ ಇದ್ದೆ. ಓದು ಬಾರದವರೂ ಇರುತ್ತಾರೆಂಬುದು ಹೊಳೆಯಲಿಲ್ಲ. ನೂರಾ ನಲವತ್ತು ಹೆಜ್ಜೆ ಓಡಿ, ಬಾಯಿಬಿಟ್ಟು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇದು ನನ್ನ ತಪ್ಪು, ಇದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಹೀಗೂ ಕೇಳಬೇಕಾಗಿದೆ: ನಾನು ಗೇಟಿನಲ್ಲಲ್ಲದೆ ಒಳಗಿದ್ದಿದ್ದರೆ? ಆ ಗುರುತಿನ ಅರ್ಥ ಗೊತ್ತಿದ್ದ ಏಕೈಕ ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಯಾರ ಪಟ್ಟಿ?

ಮೊನ್ನೆ ಶನಿವಾರ, ಸಂದರ್ಶಕರ ಹೊತ್ತಿನಲ್ಲಿ, ಆ ಗಾಜಿನ ಕೆಲಸದವನನ್ನು ನೋಡಲು ಹೋದೆ. ಅವನ ಅಣ್ಣ ಇರಲಿಲ್ಲ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು.

“ನೀವೇನಾ ನನ್ನ ಹಣೆ ಮೇಲೆ ಬರ್ದೋರು?”

“ಹೌದು.”

“ಏನ್ ಬರ್ದಿದ್ರಿ? ಯಾರೂ ಸರಿಯಾಗಿ ಹೇಳ್ತಿಲ್ಲ.”

“ಹನ್ನೊಂದು ಇಪ್ಪತ್ತು.”

“ಅಷ್ಟೇನಾ?” ಅವನು ನಕ್ಕ, ನಗು ಕೆಮ್ಮಾಯಿತು. ಎದ್ದು ನೀರು ಕೊಟ್ಟೆ. ಕುಡಿದು ಲೋಟ ಹಿಂದಕ್ಕೆ ಕೊಡುತ್ತಾ ಹೇಳಿದ: “ಮುಂದಿನ ಸಲ ಒಳಗ್ ಬಂದು ಬಾಯಲ್ಲೇ ಹೇಳ್ಬಿಡಿ ಅಣ್ಣಾ. ಇವರಿಗೆ ಓದೋಕೆ ಬರಲ್ಲ.”

ಏಜೆನ್ಸಿಯವರು ಒಂದು ಮುಚ್ಚಳಿಕೆ ಕಳಿಸಿದ್ದಾರೆ. ‘ಯಾವುದೇ ಸಂದರ್ಭದಲ್ಲೂ ಯಾವುದೇ ರೋಗಿಯನ್ನು ಅಥವಾ ಗಾಯಾಳುವನ್ನು ನಾನು ಮುಟ್ಟತಕ್ಕದ್ದಲ್ಲ, ಒಳಗೆ ಫೋನ್ ಮಾಡಿ ಸ್ವಸ್ಥಾನದಲ್ಲಿಯೇ ಇರತಕ್ಕದ್ದು.’ ಗುರುವಾರ ಬೆಳಿಗ್ಗೆ ಹತ್ತರೊಳಗೆ ಸಹಿ ಹಾಕಿ ಕೊಟ್ಟರೆ ಗೇಟು ಮತ್ತೆ ನನ್ನದು. ಟೈ ಹಾಳುಮಾಡಿದ್ದನ್ನು ಈ ಸಲಕ್ಕೆ ಮನ್ನಿಸಿದ್ದಾರಂತೆ.

“ಹಾಕ್ಬಿಡಿ ಸಹಿ,” ಅಂದಳು ಹೆಂಡತಿ. “ದಿನಾ ಯಾರಾದ್ರೂ ಬಂದು ನಿಮ್ಮ ಗೇಟ್ ಮುಂದೇನೇ ಬೀಳ್ತಾರಾ? ಹನ್ನೆರಡು ದಿನದಿಂದ ಈ ಮನೆ ಬಾಗಿಲು ಕಾಯ್ತಾ ಕೂತಿದೀರಲ್ಲ, ನಂಗೆ ನೋಡೋಕಾಗಲ್ಲ.” ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಸಮವಸ್ತ್ರ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಾಳೆ.

ನಾನು ಬೇಡುತ್ತಿರುವುದು ವಿನಾಯಿತಿಯನ್ನಲ್ಲ, ಪರೀಕ್ಷೆಯನ್ನು. ನನ್ನಂಥವರನ್ನು ವಾರ್ಡಿಗೆ ಕರೆಸಿ, ಡಾಕ್ಟರುಗಳನ್ನೇ ಎದುರು ಕೂರಿಸಿ, ಕೈಗೆ ಸೂಜಿ ಕೊಟ್ಟು ನೋಡಿ. ನಪಾಸಾದವರನ್ನು ಗೇಟಿಗೆ ಕಳಿಸಿ, ಮಾತಿಲ್ಲದೆ ಹೋಗುತ್ತೇವೆ. ಪಾಸಾದವರಿಗಾಗಿ ಆ ಪಟ್ಟಿಗೆ ಅರವತ್ತಮೂರನೆಯ ಸಾಲು ಸೇರಿಸಿ. ಗೋಡೆಯಲ್ಲಿ ಜಾಗವಿದೆ, ನೋಡಿ ಬಂದಿದ್ದೇನೆ. ಅದಾಗುವವರೆಗೆ, ಪ್ರತಿ ತುರ್ತು ವಿಭಾಗದ ಬಾಗಿಲಲ್ಲಿ ಹಣೆಯ ಮೇಲಿನ ಗುರುತಿನ ಅರ್ಥ ತಿಳಿಸುವ ಒಂದು ಹಾಳೆ ಅಂಟಿಸಲು ಹೇಳಿ.

ಮುಚ್ಚಳಿಕೆ ನನ್ನ ಎದುರಿಗೇ ಇದೆ. ಗುರುವಾರ ಹತ್ತು ಗಂಟೆಗೆ ಅದನ್ನು ಸಹಿಯಿಲ್ಲದೆ ಹಿಂದಿರುಗಿಸಿ, ಅಲ್ಲಿಂದ ನಡೆದು ನಿಮ್ಮ ನಾಲ್ಕನೇ ಕಿಟಕಿಗೆ ಬರುತ್ತೇನೆ. ಈ ಸಲ ಬಾಯಲ್ಲೇ ಹೇಳುತ್ತೇನೆ. ಹೆಂಡತಿಗೆ ಇನ್ನೂ ತಿಳಿಸಿಲ್ಲ. ಅವಳು ಸಂಜೆ ಆರಕ್ಕೆ ಬರುತ್ತಾಳೆ.

ಇಂತಿ,
ನಿಮ್ಮ ಪಟ್ಟಿಯ ಕೆಳತುದಿಯಲ್ಲಿರುವ
‘ಇತರೆ’