ದೇಯಿಯಮ್ಮನಿಗೆ ನೀನು ಹೇಳಿದ್ದು

ಜೆರೋಮ್,

ಗಂಜಿ ಒಲೆಯ ಮೇಲೆ ಉಂಟು. ಒಣಮೀನಿನ ಚಟ್ನಿಯನ್ನು ಬೆಕ್ಕು ಮುಟ್ಟದ ಹಾಗೆ ಮುಚ್ಚಿಟ್ಟಿದ್ದೇನೆ. ಉಂಡ ಮೇಲೆ ಪಾತ್ರೆ ತೊಳೆದಿಡು.

ಇನ್ನು ನಿನ್ನೆಯ ವಿಷಯ. ಆಸ್ಪತ್ರೆಗೆ ನನ್ನ ಬುತ್ತಿ ತಂದವ ಬುತ್ತಿ ಕೊಟ್ಟು ಹೋಗಬೇಕು ಮಾರಾಯ. ನನ್ನ ವಾರ್ಡಿನಲ್ಲಿ ಕೂತು ಕುಲಶೇಖರದ ದೇಯಿಯಮ್ಮನಿಗೆ "ಕ್ಯಾನ್ಸರ್ ಆದ್ರೂ ಆಪರೇಶನ್ ಮಾಡಿದ್ರೆ ಗುಣ ಆಗ್ತದೆ" ಅಂತ ಹೇಳಲು ನಿನಗೆ ಯಾರು ಹೇಳಿದ್ದು? ಎದೆಯಲ್ಲಿರುವುದು ಬರೀ ಗಂಟು ಅಂತ ಅವರ ಮಗ, ಡಾಕ್ಟರು, ನಾನು ಸೇರಿ ಒಂದು ತಿಂಗಳಿನಿಂದ ನಂಬಿಸಿಕೊಂಡು ಬಂದಿದ್ದೆವು. ರೋಗಿಯ ಎದುರು ಆ ಹೆಸರು ಎತ್ತುವ ಕ್ರಮ ನಮ್ಮಲ್ಲಿ ಇಲ್ಲ. ಡಾಕ್ಟರ ಬೈಗುಳ ತಿಂದದ್ದು ನಾನು.

ಈಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ನಾಳೆಯ ಆಪರೇಶನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ಮಗ ಕಾಲು ಹಿಡಿದರೂ ಕೇಳಲಿಲ್ಲ. "ನಿಮಗೆ ಎಂತ ಬೇಕಮ್ಮ?" ಅಂತ ಕೇಳಿದೆ.

"ನಿಮ್ಮನ್ನು ಯಾರನ್ನೂ ನಂಬುವುದಿಲ್ಲ. ನಿನ್ನ ತಮ್ಮನನ್ನು ಕಳಿಸು. ಅವ ಹೇಳಿದ್ರೆ ಒತ್ತುತ್ತೇನೆ" ಅಂದರು.

ಹನ್ನೊಂದು ವರ್ಷದಿಂದ ನರ್ಸು ನಾನು. ಕಾಗದ ಮಡಚಿಕೊಂಡು ಬಂದೆ.

ಇವತ್ತು ಸಂಜೆ ನಾಲ್ಕು ಗಂಟೆಗೆ ವಾರ್ಡಿಗೆ ಬಾ. ಗಡ್ಡ ತೆಗೆದು ಬಾ. ಎಂತ ಹೇಳಬೇಕೆಂದು ನಾನು ಕಲಿಸುವುದಿಲ್ಲ. ನಿನ್ನೆ ಹೇಳಿದ್ದನ್ನೇ ಹೇಳು.

ನಿನ್ನ ಅಕ್ಕ,
ನೆಲ್ಲಿ